ಏಳು ವರ್ಷದ ಲೆಕ್ಕ ಒಪ್ಪಿಸಿದ ನ್ಯಾಯಾಧೀಶ

1811ರ ಜುಲೈ ತಿಂಗಳಲ್ಲಿ, ಮುಂಬಯಿ ಬಿಟ್ಟು ಹೊರಡುವುದಕ್ಕೆ ಕೆಲವೇ ತಿಂಗಳು ಉಳಿದಿದ್ದಾಗ, ಇಲ್ಲಿಯ ರೆಕಾರ್ಡರ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಸರ್ ಜೇಮ್ಸ್ ಮ್ಯಾಕಿಂಟಾಶ್ ಅವರು ಆಪಾದನೆಗಳು ವಿಚಾರಣೆಗೆ ತಕ್ಕವೇ ಎಂದು ಮೊದಲು ನೋಡುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜೂರಿಯ ಎದುರು ತಮ್ಮ ಏಳು ವರ್ಷದ ಅಧಿಕಾರಾವಧಿಯ ಲೆಕ್ಕ ಒಪ್ಪಿಸಿದರು. ಅವರು ಹೇಳಿದ ಅಂಕಿಗಳು ಹೀಗಿದ್ದವು: 1756ರ ಮೇ ತಿಂಗಳಿಂದ 1763ರ ಮೇ ತಿಂಗಳವರೆಗಿನ ಏಳು ವರ್ಷಗಳಲ್ಲಿ ಈ ದ್ವೀಪದಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧಗಳಲ್ಲಿ 141 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿತ್ತು, ಅವರಲ್ಲಿ 47 ಮಂದಿಯನ್ನು ಗಲ್ಲಿಗೇರಿಸಲಾಗಿತ್ತು, 1804ರ ಮೇ ತಿಂಗಳಿಂದ 1811ರ ಮೇ ತಿಂಗಳವರೆಗಿನ ಏಳು ವರ್ಷಗಳಲ್ಲಿ ಅಂಥ ತೀರ್ಮಾನಗಳು 109, ಗಲ್ಲಿಗೇರಿದವರು ಒಬ್ಬರೂ ಇಲ್ಲ. ಈ ನಡುವೆ ದ್ವೀಪದ ಜನಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಎರಡು ಲಕ್ಷ ಜನರನ್ನು ಏಳು ವರ್ಷ ಕಾಲ ಒಂದೂ ಮರಣದಂಡನೆಯಿಲ್ಲದೆ ಆಳಲಾಗಿದೆ, ಅದರಿಂದ ಅಪರಾಧಗಳೇನೂ ಹೆಚ್ಚಿಲ್ಲ ಎಂಬುದು ಅವರು ಆ ದಿನ ಜೂರಿಯ ಮುಂದಿಟ್ಟ ಮಾತಿನ ತಾತ್ಪರ್ಯ.

ನಾನು ಈ ನಗರದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕ್ರಿಮಿನಲ್ ವಕೀಲಿ ಮಾಡುತ್ತಿದ್ದೇನೆ. ಈ ಅಂಕಿಗಳನ್ನು ಮೊದಲ ಬಾರಿ ಓದಿದ್ದು ಹತ್ತು ವರ್ಷಗಳ ಹಿಂದೆ, ನನ್ನ ಕಕ್ಷಿದಾರನೊಬ್ಬನಿಗೆ ಸೆಷನ್ಸ್ ಕೋರ್ಟು ಮರಣದಂಡನೆ ವಿಧಿಸಿದ ಮರುವಾರ. ನಮ್ಮ ಕಾನೂನಿನಲ್ಲಿ ಸೆಷನ್ಸ್ ಕೋರ್ಟು ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ದೃಢೀಕರಿಸದೆ ಜಾರಿ ಮಾಡುವಂತಿಲ್ಲ. ಆ ದೃಢೀಕರಣದ ವಿಚಾರಣೆಗೆ ಹಳೆಯ ತೀರ್ಪುಗಳನ್ನು ಕಲೆಹಾಕುತ್ತಿದ್ದಾಗ ಹಾದಿ ತಪ್ಪಿದಂತೆ ಈ ಮನುಷ್ಯನ ಬಳಿಗೆ ಬಂದೆ. ವಾದಕ್ಕೆ ಅದು ನೇರವಾಗಿ ಉಪಯೋಗವಾಗಲಿಲ್ಲ. 1811ರ ಭಾಷಣವನ್ನು ಯಾವ ಪೀಠವೂ ಪೂರ್ವನಿದರ್ಶನವೆಂದು ಒಪ್ಪುವುದಿಲ್ಲ. ಆದರೆ ಆ ರಾತ್ರಿ ನಾನು ಬೇರೇನನ್ನೂ ಓದಲಾರದೆ ಹೋದೆ.

ಮ್ಯಾಕಿಂಟಾಶ್ ಹುಟ್ಟಿದ್ದು 1765ರ ಅಕ್ಟೋಬರ್ 24ರಂದು, ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ, ಇನ್ವರ್ನೆಸ್ ಪಟ್ಟಣಕ್ಕೆ ಸಮೀಪ, ನೆಸ್ ಸರೋವರದ ದಂಡೆಯ ಆಲ್ಡೂರಿ ಎಂಬಲ್ಲಿ. ತಂದೆ ಸೈನ್ಯದಲ್ಲಿ ಕ್ಯಾಪ್ಟನ್. ಹುಡುಗ ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಅನಂತರ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತು 1787ರಲ್ಲಿ ಪದವಿ ಪಡೆದರು. ಆದರೆ ವೈದ್ಯವೃತ್ತಿ ಅವರಿಗೆ ಒಗ್ಗಲಿಲ್ಲ. ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆಯುತ್ತ, ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿದ್ದ ಎಡ್ಮಂಡ್ ಬರ್ಕ್ ಅವರಿಗೆ ಉತ್ತರವಾಗಿ 1791ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಇಪ್ಪತ್ತೈದು ವರ್ಷದ ಅಪರಿಚಿತ ಯುವಕನ ಹೆಸರು ಒಮ್ಮೆಗೇ ಎಲ್ಲರ ಬಾಯಿಗೆ ಬಂತು. ಕ್ರಾಂತಿ ರಕ್ತಪಾತಕ್ಕೆ ತಿರುಗಿದ ಮೇಲೆ ಅವರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು, ಬರ್ಕ್ ಅವರ ಮನೆಗೇ ಹೋಗಿ ಅವರ ಅತಿಥಿಯಾದರು. ಹಳೆಯ ಗೆಳೆಯರು ಇದನ್ನು ದ್ರೋಹವೆಂದು ಕರೆದರು, ಆ ಮಾತು ಅವರನ್ನು ಬಹುಕಾಲ ಬಿಡಲಿಲ್ಲ. ತಪ್ಪೆಂದು ಕಂಡದ್ದನ್ನು ತಪ್ಪೆಂದು ಒಪ್ಪಿಕೊಂಡವರನ್ನು ದ್ರೋಹಿಯೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಅತ್ತಿಂದಿತ್ತ ವಾಲಿದ್ದು ಕೊಂಚ ಹೆಚ್ಚಾಯಿತೇನೋ ಎಂದು ಮಾತ್ರ ಅನ್ನಿಸುತ್ತದೆ.

1795ರಲ್ಲಿ ಅವರು ಲಂಡನ್ನಿನ ವಕೀಲರ ಸಂಸ್ಥೆಯಾದ ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. 1799ರಲ್ಲಿ ಅದೇ ಸಂಸ್ಥೆಯ ಸಭಾಂಗಣದಲ್ಲಿ ರಾಷ್ಟ್ರ ರಾಷ್ಟ್ರಗಳ ನಡುವಿನ ಕಾನೂನನ್ನು ಕುರಿತು ಉಪನ್ಯಾಸಮಾಲೆ ನಡೆಸಿದರು. ವಕೀಲರಾಗಿ ಅವರ ಹೆಸರನ್ನು ನಿಲ್ಲಿಸಿದ್ದು 1803ರ ಫೆಬ್ರವರಿಯಲ್ಲಿ ನಡೆದ ಪೆಲ್ಟಿಯೇ ಪ್ರಕರಣ. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಪೆಲ್ಟಿಯೇ ಎಂಬ ಫ್ರೆಂಚ್ ಪತ್ರಕರ್ತ ತನ್ನ ಪತ್ರಿಕೆಯಲ್ಲಿ ನೆಪೋಲಿಯನ್ ಬೋನಪಾರ್ಟ್ ವಿರುದ್ಧ ಬರೆದಿದ್ದ. ಆಗ ಎರಡು ದೇಶಗಳ ನಡುವೆ ಶಾಂತಿಯಿದ್ದುದರಿಂದ ಬ್ರಿಟಿಷ್ ಸರ್ಕಾರವೇ ಅವನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿತು. ಯುರೋಪಿನ ಮುಕ್ಕಾಲು ಪಾಲನ್ನು ನಡುಗಿಸುತ್ತಿದ್ದ ಅಧಿಕಾರ ಒಂದು ಕಡೆ, ಊರು ಕಳೆದುಕೊಂಡ ಬರಹಗಾರ ಇನ್ನೊಂದು ಕಡೆ. ಮ್ಯಾಕಿಂಟಾಶ್ ಮುದ್ರಣ ಸ್ವಾತಂತ್ರ್ಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದವರಂತೆ ವಾದ ಮಾಡಿದರು. ಜೂರಿ ಪೆಲ್ಟಿಯೇಯನ್ನು ತಪ್ಪಿತಸ್ಥನೆಂದೇ ಹೇಳಿತು, ಆದರೆ ಅದೇ ಮೇ ತಿಂಗಳಲ್ಲಿ ಯುದ್ಧ ಮತ್ತೆ ಆರಂಭವಾದದ್ದರಿಂದ ಅವನಿಗೆ ಶಿಕ್ಷೆ ವಿಧಿಸುವ ದಿನ ಬರಲೇ ಇಲ್ಲ. ಸೋತ ಮೊಕದ್ದಮೆಯೊಂದರಿಂದ ವಕೀಲನ ಕೀರ್ತಿ ಬೆಳೆಯುವುದು ನಮ್ಮ ವೃತ್ತಿಯಲ್ಲಿ ಅಪರೂಪವಾದರೂ ಇಲ್ಲದ್ದಲ್ಲ.

ಆ ಪ್ರಕರಣದಲ್ಲಿ ಅವರ ಎದುರು ಸರ್ಕಾರದ ಪರ ನಿಂತವರು ಅಟಾರ್ನಿ ಜನರಲ್ ಸ್ಪೆನ್ಸರ್ ಪರ್ಸಿವಲ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಅದೇ ವರ್ಷದ ಕೊನೆಗೆ ಮ್ಯಾಕಿಂಟಾಶ್ ಅವರಿಗೆ ನೈಟ್ ಪದವಿ ಬಂತು, ಮುಂಬಯಿಯ ರೆಕಾರ್ಡರ್ ಹುದ್ದೆ ಸಿಕ್ಕಿತು. ರೆಕಾರ್ಡರ್ ಎಂದರೆ ದಾಖಲೆ ಇಡುವವರಲ್ಲ, ನ್ಯಾಯಾಧೀಶರು. ಹಳೆಯ ಮೇಯರ್ ಕೋರ್ಟಿನ ಜಾಗದಲ್ಲಿ 1798ರಲ್ಲಿ ರೆಕಾರ್ಡರ್ ಕೋರ್ಟು ಬಂದಿತ್ತು. ಮೇಯರ್ ಮತ್ತು ನಗರಸಭೆಯ ಹಿರಿಯ ಸದಸ್ಯರಾದ ಮೂವರು ಆಲ್ಡರ್‌ಮನ್‌ಗಳ ಜೊತೆಗೆ ಕಾನೂನು ಬಲ್ಲ ಈ ಒಬ್ಬ ರೆಕಾರ್ಡರ್ ಪೀಠದಲ್ಲಿ ಕೂಡುತ್ತಿದ್ದರು. ಉತ್ತರಾಧಿಕಾರ ಮತ್ತು ಕರಾರಿನ ವ್ಯಾಜ್ಯಗಳಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಅವರವರ ಧರ್ಮಶಾಸ್ತ್ರವನ್ನೂ ರೂಢಿಯನ್ನೂ ಅನ್ವಯಿಸಬೇಕೆಂಬ ನಿಯಮವಿತ್ತು. ಅಪರಾಧದ ವಿಷಯದಲ್ಲಿ ಮಾತ್ರ ಇಂಗ್ಲೆಂಡಿನ ಕಾನೂನು. ಆ ಕಾಲದ ಇಂಗ್ಲಿಷ್ ಕಾನೂನು ಎಂಥದ್ದೆಂದರೆ ಕೊಲೆಯಿರಲಿ, ಅಂಗಡಿಯಿಂದ ಐದು ಶಿಲ್ಲಿಂಗಿನ ಸಾಮಾನು ಕದ್ದರೂ ಗಲ್ಲು ವಿಧಿಸಬಹುದಿತ್ತು. ಮರಣದಂಡನೆಗೆ ಅವಕಾಶವಿದ್ದ ಅಪರಾಧಗಳ ಸಂಖ್ಯೆ ಇನ್ನೂರನ್ನು ದಾಟಿತ್ತು.

ಅವರು ಮುಂಬಯಿಗೆ ಬಂದದ್ದು ಮುಖ್ಯವಾಗಿ ಹಣಕ್ಕಾಗಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದೊಡ್ಡ ಸಂಸಾರ, ಕೈ ಹಿಡಿತವಿಲ್ಲದ ಖರ್ಚು, ಬರೆಯಬೇಕೆಂದುಕೊಂಡ ದೊಡ್ಡ ಇತಿಹಾಸ ಗ್ರಂಥಕ್ಕೆ ಬೇಕಾದ ಬಿಡುವು, ಇವೆಲ್ಲಕ್ಕೂ ಕೆಲವು ವರ್ಷ ಇಂಡಿಯಾದಲ್ಲಿ ಕಳೆದರೆ ದಾರಿಯಾದೀತೆಂದು ಅವರು ಲೆಕ್ಕ ಹಾಕಿದ್ದರು. ಇದನ್ನು ಬರೆಯುವಾಗ ನನಗೆ ನನ್ನ ತಂದೆಯವರ ನೆನಪಾಗುತ್ತದೆ. ಅವರು ಕುಮಟೆಯ ಸಮೀಪದ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಫೋರ್ಟಿನ ಒಂದು ಹೋಟೆಲಿಗೆ ಕೆಲಸಕ್ಕೆ ಬಂದವರು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಕಲಿತವರು. ನೈಟ್ ಪದವಿಯ ನ್ಯಾಯಾಧೀಶರಿಗೂ ಹೋಟೆಲಿನ ಹುಡುಗನಿಗೂ ಅಜಗಜಾಂತರ ನಿಜ. ಆದರೆ ಐದು ವರ್ಷ ದುಡಿದು ಊರಿಗೆ ಹಿಂದಿರುಗಿ ನೆಮ್ಮದಿಯಾಗಿರೋಣ ಎಂಬ ಲೆಕ್ಕಾಚಾರದಿಂದ ಈ ನಗರಕ್ಕೆ ಬಂದವರೇ ಈ ನಗರವನ್ನು ಕಟ್ಟಿದ್ದಾರೆ. ಅವರಲ್ಲಿ ಬಹಳ ಮಂದಿಯ ಲೆಕ್ಕ ತಪ್ಪಿದೆ.

1804ರ ಮೇ 26ರಂದು ಮ್ಯಾಕಿಂಟಾಶ್ ಹಡಗಿನಿಂದಿಳಿದರು. ಗವರ್ನರ್ ಆಗಿದ್ದ ಜೊನಾಥನ್ ಡಂಕನ್, ಅವರೂ ಸ್ಕಾಟ್ಲೆಂಡಿನವರು, ಪರೇಲಿನ ಸರ್ಕಾರಿ ಬಂಗಲೆಯನ್ನು ವಾಸಕ್ಕೆ ಬಿಟ್ಟುಕೊಟ್ಟರು. ಇಂದು ಹಾಫ್‌ಕಿನ್ ಸಂಸ್ಥೆಯಿರುವ ಕಟ್ಟಡವೇ ಅದು. 1899ರಲ್ಲಿ ಪ್ಲೇಗ್ ಸಂಶೋಧನೆಯ ಪ್ರಯೋಗಾಲಯ ಅಲ್ಲಿಗೆ ಬಂತು. ಆ ಮನೆಯಲ್ಲಿಯೇ 1804ರ ನವೆಂಬರ್ 26ರಂದು ಮ್ಯಾಕಿಂಟಾಶ್ ಅವರ ಅಧ್ಯಕ್ಷತೆಯಲ್ಲಿ ಬಾಂಬೆ ಲಿಟರರಿ ಸೊಸೈಟಿ ಆರಂಭವಾಯಿತು. ಮುಂದೆ ಅದು ರಾಯಲ್ ಏಷ್ಯಾಟಿಕ್ ಸೊಸೈಟಿಯ ಶಾಖೆಯಾಗಿ, ಈಗ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯಾಗಿ ಉಳಿದಿದೆ. ಅವರ ಜೊತೆಯಲ್ಲಿ ಬಂದಿದ್ದ ಇನ್ನೊಬ್ಬ ಸ್ಕಾಟಿಷ್ ಯುವಕ ವಿಲಿಯಂ ಎರ್ಸ್ಕಿನ್ ಸೊಸೈಟಿಯ ಕಾರ್ಯದರ್ಶಿಯಾದರು, ಅನಂತರ ಮ್ಯಾಕಿಂಟಾಶ್ ಅವರ ಅಳಿಯನೂ ಆದರು. ಬಾಬರನ ಆತ್ಮಕಥೆಯನ್ನು ಜಾನ್ ಲೇಡನ್ ಅವರೊಂದಿಗೆ ಇಂಗ್ಲಿಷಿಗೆ ತಂದವರು ಅವರೇ.

ಸೊಸೈಟಿಯ ಕಾಗದಪತ್ರಗಳಲ್ಲಿ ನನಗೆ ವಿಶೇಷವಾಗಿ ಪ್ರಿಯವಾದ ಒಂದಿದೆ. 1806ರ ಮೇ 26ರಂದು, ಅಂದರೆ ಅವರು ಈ ನೆಲಕ್ಕೆ ಕಾಲಿಟ್ಟು ಸರಿಯಾಗಿ ಎರಡು ವರ್ಷವಾದ ದಿನ, ಮ್ಯಾಕಿಂಟಾಶ್ ಇಂಡಿಯಾದ ಭಾಷೆಗಳ ತುಲನಾತ್ಮಕ ಪದಪಟ್ಟಿಯ ಯೋಜನೆಯೊಂದನ್ನು ಓದಿದರು. ನಿತ್ಯ ಬಳಕೆಯ ಒಂದಷ್ಟು ಪದಗಳ ಪಟ್ಟಿ ಮಾಡಿ, ದೇಶದ ಒಂದೊಂದು ಸೀಮೆಯಲ್ಲೂ ಆ ಪದಗಳಿಗೆ ಜನ ಏನೆನ್ನುತ್ತಾರೆಂದು ಬರೆಸಿ ತರಿಸಿಕೊಂಡರೆ, ಯಾವ ಭಾಷೆಗೂ ಯಾವ ಭಾಷೆಗೂ ನಂಟಿದೆ, ಒಂದು ಭಾಷೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿದೀತು ಎಂಬುದು ಆಲೋಚನೆ. ಕನ್ನಡ, ತೆಲುಗು, ತಮಿಳು ಒಂದೇ ಕುಟುಂಬದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಎಲಿಸ್ ಸಾಧಿಸಿ ತೋರಿಸಿದ್ದು ಇದಾಗಿ ಹತ್ತು ವರ್ಷದ ಮೇಲೆ, 1816ರಲ್ಲಿ. ಮ್ಯಾಕಿಂಟಾಶ್ ಅವರ ಯೋಜನೆ ಅವರು ಬಯಸಿದಂತೆ ಪೂರ್ಣಗೊಳ್ಳಲಿಲ್ಲ. ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಇಂಗ್ಲಿಷ್, ಲೋಕಲ್ ಗಾಡಿಯಲ್ಲಿ ಮರಾಠಿ, ಅಮ್ಮನ ತವರಿನವರೊಂದಿಗೆ ಕೊಂಕಣಿ ಆಡುವ ನಮ್ಮಂಥವರಿಗೆ, ಈ ನಗರದಲ್ಲಿ ಕೂತು ಇಂಥ ಪ್ರಶ್ನೆ ಕೇಳಿದವರು ಯಾರೋ ದೂರದವರು ಎನಿಸುವುದಿಲ್ಲ.

ಮತ್ತೆ ಕೋರ್ಟಿಗೆ ಬರೋಣ. 1806ರಲ್ಲಿ ಅವರಿಗೆ ಸಮುದ್ರ ವ್ಯಾಜ್ಯಗಳ ವೈಸ್ ಅಡ್ಮಿರಾಲ್ಟಿ ಕೋರ್ಟಿನ ಅಧಿಕಾರವೂ ಸೇರಿತು. ಮರುವರ್ಷ ಮಿನರ್ವಾ ಎಂಬ ಅಮೆರಿಕದ ಹಡಗಿನ ಮೊಕದ್ದಮೆ ಅವರ ಮುಂದೆ ಬಂತು. ಯುದ್ಧದಲ್ಲಿ ತಟಸ್ಥವಾಗಿದ್ದ ದೇಶದ ಆ ಹಡಗು ಶತ್ರುಗಳ ವಸಾಹತುಗಳೊಂದಿಗೆ ವ್ಯಾಪಾರ ಮಾಡಿತೆಂಬುದು ಆಪಾದನೆ, ಹಡಗನ್ನು ಹಿಡಿದವರು ರಾಜನ ಆಜ್ಞೆಯನ್ನು ಆಧಾರವಾಗಿ ತೋರಿಸಿದರು. ಈ ನ್ಯಾಯಾಲಯ ಬದ್ಧವಾಗಿರುವುದು ರಾಷ್ಟ್ರಗಳ ನಡುವಿನ ಕಾನೂನಿಗೆ. ರಾಜನ ಆಜ್ಞೆ ತಟಸ್ಥರಿಗೆ ಆ ಕಾನೂನು ಕೊಟ್ಟದ್ದಕ್ಕಿಂತ ಹೆಚ್ಚಿನ ರಿಯಾಯಿತಿ ಕೊಟ್ಟರೆ ಪಾಲಿಸುತ್ತೇನೆ, ಕಾನೂನು ಕೊಟ್ಟ ಹಕ್ಕನ್ನು ಕಸಿದುಕೊಂಡರೆ ಪಾಲಿಸಲಾರೆ, ಎಂಬುದು ಮ್ಯಾಕಿಂಟಾಶ್ ತಳೆದ ನಿಲುವು. ನೇಮಿಸಿದ ರಾಜನ ಆಜ್ಞೆಗೇ ಮಿತಿ ಹಾಕಿದ ಈ ಮಾತು ಅಮೆರಿಕದ ಕಾನೂನು ಪಂಡಿತರ ಗ್ರಂಥಗಳವರೆಗೆ ಹೋಯಿತು. ಇದು ನಡೆದದ್ದು ಮುಂಬಯಿಯಲ್ಲಿ ಎಂಬುದು ನಮ್ಮ ವಕೀಲ ಸಂಘದ ಎಷ್ಟು ಮಂದಿಗೆ ಗೊತ್ತೋ ನಾನು ಕಾಣೆ. ನನಗಂತೂ ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ.

ಗಲ್ಲಿನ ಲೆಕ್ಕವನ್ನು ಮೊದಲೇ ಬರೆದಿದ್ದೇನೆ. ಅದರ ಹಿಂದಿನ ಕ್ರಮದ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಮರಣದಂಡನೆ ಕ್ರೂರವೆಂದು ಹೇಳಿದವರು ಅವರಿಗಿಂತ ಮುಂಚೆಯೂ ಇದ್ದರು. ಇಟಲಿಯ ಬೆಕ್ಕಾರಿಯಾ 1764ರಷ್ಟು ಹಿಂದೆಯೇ ಅದನ್ನು ಬರೆದಿದ್ದರು. ಮ್ಯಾಕಿಂಟಾಶ್ ಮಾಡಿದ್ದು, ಅಧಿಕಾರದಲ್ಲಿ ಕೂತು, ಗಲ್ಲಿಗೇರಿಸುವ ಹಕ್ಕು ಕೈಯಲ್ಲಿದ್ದೂ ಅದನ್ನು ಬಳಸದೆ, ಹಾಗೆ ಬಳಸದೆ ಇದ್ದುದರಿಂದ ಏನಾಯಿತೆಂದು ಹಳೆಯ ದಫ್ತರಗಳನ್ನು ತೆಗೆಸಿ ಎಣಿಸಿದ್ದು. ಅರ್ಧ ಶತಮಾನದ ಹಿಂದಿನ ಏಳು ವರ್ಷಗಳನ್ನು ಆರಿಸಿಕೊಂಡು, ತಮ್ಮ ಏಳು ವರ್ಷಗಳನ್ನು ಅದರ ಪಕ್ಕದಲ್ಲಿಟ್ಟು, ಜನಸಂಖ್ಯೆ ಬೆಳೆದಿದ್ದನ್ನೂ ಗಣನೆಗೆ ತೆಗೆದುಕೊಂಡು, ಸರಾಸರಿ ಹಾಕಿ ತೋರಿಸಿದರು: ಮೊದಲ ಅವಧಿಯಲ್ಲಿ ವರ್ಷಕ್ಕೆ ಸುಮಾರು 20 ತೀರ್ಮಾನ, ಸುಮಾರು 7 ಗಲ್ಲು, ತಮ್ಮ ಅವಧಿಯಲ್ಲಿ ವರ್ಷಕ್ಕೆ 15ರಿಂದ 16 ತೀರ್ಮಾನ. ಇಂದಿನ ಸಂಖ್ಯಾಶಾಸ್ತ್ರಜ್ಞರು ಇದರಲ್ಲಿ ನೂರು ಕೊರತೆ ಕಂಡುಹಿಡಿಯಬಹುದು. ಆದರೆ ಶಿಕ್ಷೆಯ ಬಗ್ಗೆ ಮಾತಾಡುವಾಗ ಭಯ, ಸಿಟ್ಟು, ಸಂಪ್ರದಾಯ ಮೂರನ್ನೂ ಬದಿಗಿಟ್ಟು ಮೊದಲು ಎಣಿಸಿ ನೋಡೋಣ ಎಂದ ನ್ಯಾಯಾಧೀಶರೊಬ್ಬರು ಇನ್ನೂರು ವರ್ಷಗಳ ಹಿಂದೆ ನಮ್ಮ ಊರಿನಲ್ಲಿದ್ದರು.

ಅವರು ಪರಕೀಯ ಆಡಳಿತದ ನ್ಯಾಯಾಧೀಶರು ಎಂಬುದನ್ನು ನಾನು ಮರೆತಿಲ್ಲ. ಕಟಕಟೆಯಲ್ಲಿ ನಿಂತ ಬಡ ಮರಾಠಿಗನಿಗೋ ಕೋಳಿ ಜಾತಿಯ ಮೀನುಗಾರನಿಗೋ ತನ್ನ ಮೇಲಿನ ಆಪಾದನೆಯ ಇಂಗ್ಲಿಷು ತಿಳಿಯುತ್ತಿರಲಿಲ್ಲ, ಆ ಕಾನೂನನ್ನು ಮಾಡಿದವರು ಅವನನ್ನು ಕೇಳಿ ಮಾಡಿರಲಿಲ್ಲ. ಮ್ಯಾಕಿಂಟಾಶ್ ಅವರಿಗೂ ಈ ಊರಿನ ಮೇಲೆ ದೊಡ್ಡ ಪ್ರೀತಿಯೇನೂ ಹುಟ್ಟಲಿಲ್ಲ. ಸೆಕೆ, ಅನಾರೋಗ್ಯ, ಸರಿಸಾಟಿಯಾಗಿ ಮಾತಾಡುವವರಿಲ್ಲದ ಬೇಸರ ಅವರನ್ನು ಕಾಡಿದವು. 1810ರಲ್ಲಿ ಹೆಂಡತಿ ಮಕ್ಕಳು ಇಂಗ್ಲೆಂಡಿಗೆ ಹೊರಟುಹೋದ ಮೇಲೆ ಅವರು ಒಬ್ಬರೇ ಉಳಿದು, 1811ರ ನವೆಂಬರಿನಲ್ಲಿ ಹಡಗು ಹತ್ತಿದರು. ಬರೆಯಬೇಕೆಂದಿದ್ದ ಇತಿಹಾಸ ಆಗಲೂ ಟಿಪ್ಪಣಿಗಳಲ್ಲೇ ಇತ್ತು.

ಅವರು ಊರು ತಲುಪುವ ಹೊತ್ತಿಗೆ ಸ್ಪೆನ್ಸರ್ ಪರ್ಸಿವಲ್ ಪ್ರಧಾನಮಂತ್ರಿಯಾಗಿದ್ದರು. ಪೆಲ್ಟಿಯೇ ಪ್ರಕರಣದ ಆ ಎದುರಾಳಿಯೇ ಮ್ಯಾಕಿಂಟಾಶ್ ಅವರಿಗೆ ಪಾರ್ಲಿಮೆಂಟಿನ ಸ್ಥಾನ ಕೊಡಿಸುವುದಾಗಿ ಹೇಳಿದರು. ಆದರೆ ಕ್ಯಾಥಲಿಕರಿಗೆ ನಾಗರಿಕ ಹಕ್ಕು ಕೊಡುವುದಕ್ಕೆ ಪರ್ಸಿವಲ್ ವಿರೋಧಿ, ಮ್ಯಾಕಿಂಟಾಶ್ ಅದರ ಪರ. ಹಣದ ಅಡಚಣೆಯಿದ್ದೂ ಅವರು ಒಲ್ಲೆನೆಂದರು. ಸ್ವಲ್ಪ ದಿನಗಳಲ್ಲೇ, 1812ರ ಮೇ 11ರಂದು, ಪರ್ಸಿವಲ್ ಪಾರ್ಲಿಮೆಂಟಿನ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದರು. ಮ್ಯಾಕಿಂಟಾಶ್ 1813ರಲ್ಲಿ ಸ್ಕಾಟ್ಲೆಂಡಿನ ನೇರ್ನ್ ಕ್ಷೇತ್ರದಿಂದ ಸುಧಾರಣೆಯ ಪರವಾಗಿದ್ದ ವಿಗ್ ಪಕ್ಷದ ಸದಸ್ಯರಾಗಿ ಪಾರ್ಲಿಮೆಂಟು ಸೇರಿದರು. 1818ರಿಂದ 1824ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ, ಇಂಡಿಯಾಕ್ಕೆ ಬರಲಿದ್ದ ಅಧಿಕಾರಿಗಳಿಗೆ ಕಾನೂನು ಪಾಠ ಹೇಳಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ರೆಕ್ಟರ್ ಆಗಿ 1822ರಲ್ಲಿ ಆಯ್ಕೆಯಾದರು.

1818ರಲ್ಲಿ ಶಿಕ್ಷಾ ಕಾನೂನಿನ ಸುಧಾರಣೆಗೆ ಒಬ್ಬಂಟಿಯಾಗಿ ಹೋರಾಡುತ್ತಿದ್ದ ಸರ್ ಸ್ಯಾಮ್ಯುಯೆಲ್ ರೊಮಿಲಿ ತೀರಿಕೊಂಡರು. ಆ ಕೆಲಸವನ್ನು ಮ್ಯಾಕಿಂಟಾಶ್ ಕೈಗೆತ್ತಿಕೊಂಡರು. ಮರಣದಂಡನೆಯ ಕಾನೂನುಗಳನ್ನು ಪರಿಶೀಲಿಸಲು ಸಮಿತಿಯೊಂದು ಬೇಕೆಂದು 1819ರ ಮಾರ್ಚ್ 2ರಂದು ಅವರು ತಂದ ಗೊತ್ತುವಳಿ ಸರ್ಕಾರದ ವಿರೋಧವಿದ್ದೂ 19 ಮತಗಳ ಅಂತರದಿಂದ ಗೆದ್ದಿತು. ಮರುವರ್ಷ ಆರು ಮಸೂದೆಗಳನ್ನು ತಂದರು, ಕೆಲವು ಮಾತ್ರ, ಅವೂ ಕತ್ತರಿಸಿಕೊಂಡು, ಕಾನೂನಾದವು. 1823ರಲ್ಲಿ ಒಂಬತ್ತು ನಿರ್ಣಯಗಳನ್ನು ಮಂಡಿಸಿ ಸೋತರು. ಆದರೆ ಅವರನ್ನು ಸೋಲಿಸಿದ ಗೃಹಮಂತ್ರಿ ರಾಬರ್ಟ್ ಪೀಲ್ ಅವರೇ ಮುಂದಿನ ವರ್ಷಗಳಲ್ಲಿ ಸರ್ಕಾರದ ಮಸೂದೆಗಳ ಮೂಲಕ ಆ ದಾರಿಯಲ್ಲಿ ಬಹುದೂರ ನಡೆದರು. ಪೀಲ್ ನಿಂತ ಕಡೆ ಮ್ಯಾಕಿಂಟಾಶ್ ನಿಲ್ಲಲಿಲ್ಲ. ಖೊಟ್ಟಿ ಸಹಿ, ಖೊಟ್ಟಿ ದಸ್ತಾವೇಜಿನ ಅಪರಾಧಗಳಿಗೆ ಮರಣದಂಡನೆಯನ್ನು ಪೀಲ್ ಉಳಿಸಿಕೊಳ್ಳಲು ಬಯಸಿದಾಗ, 1830ರ ಜೂನಿನಲ್ಲಿ ಮ್ಯಾಕಿಂಟಾಶ್ ತಂದ ತಿದ್ದುಪಡಿ ಕಾಮನ್ಸ್ ಸಭೆಯಲ್ಲಿ 13 ಮತಗಳಿಂದ ಗೆದ್ದಿತು. ಲಾರ್ಡ್ಸ್ ಸಭೆ ಅದನ್ನು ತಿರಸ್ಕರಿಸಿ ಗಲ್ಲನ್ನು ಮತ್ತೆ ಸೇರಿಸಿತು. ಆದರೂ 1829ರ ಡಿಸೆಂಬರ್ 31ರ ನಂತರ ಇಂಗ್ಲೆಂಡಿನಲ್ಲಿ ಖೊಟ್ಟಿ ದಸ್ತಾವೇಜಿಗಾಗಿ ಯಾರನ್ನೂ ಗಲ್ಲಿಗೇರಿಸಲಿಲ್ಲ. ಕಾಮನ್ಸ್ ಸಭೆ ಬೇಡವೆಂದ ಶಿಕ್ಷೆಯನ್ನು ಜಾರಿ ಮಾಡುವ ಧೈರ್ಯ ಯಾರಿಗೂ ಆಗಲಿಲ್ಲ ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ.

1830ರ ಕೊನೆಗೆ ವಿಗ್ ಪಕ್ಷ ಅಧಿಕಾರಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ಇಂಡಿಯಾದ ಆಡಳಿತವನ್ನು ನೋಡಿಕೊಳ್ಳುವ ಬೋರ್ಡ್ ಆಫ್ ಕಂಟ್ರೋಲಿನ ಸದಸ್ಯತ್ವ ಮಾತ್ರ. ಅವರ ಯೋಗ್ಯತೆಗೆ ಅದು ಸಣ್ಣ ಹುದ್ದೆ. ಅವರ ಮಾತು ಕೇಳಿದ್ದ ಚಾರ್ಲ್ಸ್ ಡಾರ್ವಿನ್, ಗಂಭೀರ ವಿಷಯಗಳ ಮೇಲೆ ಇಷ್ಟು ಚೆನ್ನಾಗಿ ಮಾತಾಡುವವರನ್ನು ತಾನು ಕಂಡಿಲ್ಲವೆಂಬ ಅರ್ಥದಲ್ಲಿ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಬಹುಶಃ ಮಾತೇ ಅವರ ಗ್ರಂಥಗಳನ್ನು ತಿಂದುಹಾಕಿತು. ಜೀವಮಾನವಿಡೀ ಕಲೆಹಾಕಿದ 1688ರ ಕ್ರಾಂತಿಯ ಇತಿಹಾಸ ಅಪೂರ್ಣವಾಗಿಯೇ, ಅವರು ತೀರಿಕೊಂಡ ಮೇಲೆ, 1834ರಲ್ಲಿ ಹೊರಬಂತು. 1832ರಲ್ಲಿ ಊಟದ ವೇಳೆ ಕೋಳಿಯ ಮೂಳೆಯೊಂದು ಗಂಟಲಲ್ಲಿ ಸಿಕ್ಕಿ, ಅದರಿಂದ ಆದ ಅಸ್ವಾಸ್ಥ್ಯ ವಾಸಿಯಾಗದೆ, ಮೇ 30ರಂದು ಅವರು ಕಣ್ಣು ಮುಚ್ಚಿದರು. ಅವರು ಬೆಂಬಲಿಸಿದ್ದ ಪಾರ್ಲಿಮೆಂಟ್ ಸುಧಾರಣೆಯ ಕಾಯಿದೆಗೆ ರಾಜನ ಅಂಕಿತ ಬಿದ್ದದ್ದು ಎಂಟು ದಿನ ಕಳೆದು, ಜೂನ್ 7ರಂದು.

ಅವರ ರೆಕಾರ್ಡರ್ ಕೋರ್ಟು 1820ರ ದಶಕದಲ್ಲಿ ಮುಂಬಯಿಯ ಸುಪ್ರೀಂ ಕೋರ್ಟಾಯಿತು, 1862ರಲ್ಲಿ ಅದು ಕಂಪನಿಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಸದರ್ ಅದಾಲತ್ತಿನೊಂದಿಗೆ ಸೇರಿ ಹೈಕೋರ್ಟಾಯಿತು. ಧಾರವಾಡ, ಬೆಳಗಾವಿ, ವಿಜಯಪುರಗಳ ಅಪೀಲುಗಳೂ, ಅದೇ ವರ್ಷ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ನಮ್ಮ ಉತ್ತರ ಕನ್ನಡದ ಅಪೀಲುಗಳೂ 1956ರವರೆಗೆ ಇಲ್ಲಿಗೇ ಬರುತ್ತಿದ್ದವು. ನನ್ನ ಅಜ್ಜನ ಅಡಿಕೆ ತೋಟದ ದಾವೆಯೂ ಕುಮಟೆಯಿಂದ ಕಾರವಾರಕ್ಕೆ, ಕಾರವಾರದಿಂದ ಮುಂಬಯಿಗೆ ಬಂದಿತ್ತು. ಅಜ್ಜ ಸ್ಟೀಮರಿನಲ್ಲಿ ಬಂದು, ಕನ್ನಡದ ಗೇಣಿ ಚೀಟಿಯನ್ನು ಇಂಗ್ಲಿಷಿಗೆ ಮಾಡಿಸಿ, ಹೈಕೋರ್ಟಿನ ಮೊಗಸಾಲೆಯಲ್ಲಿ ಎರಡು ದಿನ ಕಾದಿದ್ದರಂತೆ.

ಮೊದಲು ಹೇಳಿದ ನನ್ನ ಕಕ್ಷಿದಾರನ ಮರಣದಂಡನೆಯನ್ನು ಹೈಕೋರ್ಟು ದೃಢೀಕರಿಸಲಿಲ್ಲ, ಜೀವಾವಧಿಗೆ ಇಳಿಸಿತು. ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಲ್ಲಿ ಮಾತ್ರ ಗಲ್ಲು ಎಂದು ನಮ್ಮ ಸುಪ್ರೀಂ ಕೋರ್ಟು 1980ರಲ್ಲಿ ಹಾಕಿದ ಗೆರೆಯ ಒಳಗೆ ಆ ಪ್ರಕರಣ ಬರುವುದಿಲ್ಲವೆಂಬುದೇ ಕಾರಣ. ತೀರ್ಪು ಬಂದ ಸಂಜೆ ನಾನು ಕೋರ್ಟಿನಿಂದ ನಡೆದುಕೊಂಡೇ ಟೌನ್ ಹಾಲಿನವರೆಗೆ ಹೋದೆ. ಮ್ಯಾಕಿಂಟಾಶ್ ಅವರ ಸೊಸೈಟಿಯ ಪುಸ್ತಕಗಳಿಗೆ ಮನೆಯಾದ ಆ ಕಟ್ಟಡ ಮುಗಿದದ್ದು 1833ರಲ್ಲಿ, ಅವರು ತೀರಿಕೊಂಡ ಮರುವರ್ಷ. ಗ್ರಂಥಾಲಯ ಮುಚ್ಚುವ ಹೊತ್ತಾಗಿತ್ತು. ಮೂವತ್ತು ಮೆಟ್ಟಿಲುಗಳಲ್ಲಿ ಅಲ್ಲಲ್ಲಿ ಕೂತಿದ್ದ ಹುಡುಗರ ನಡುವೆ ನಾನೂ ಕೂತು, ಕಕ್ಷಿದಾರನ ತಾಯಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.